ಅಕ್ಕಿ ಹೋಗೈತಿ, ಅವ್ವ ಹೋಗಿಲ್ಲ

ಶ್ರೀರಾಮನಗರದ ಮಗ್ಗುಲ ಹಳ್ಳಿಯ ಒಬ್ಬ ಅವ್ವ ಮತ್ತು ಆಕೆಯ ಮಗಳು ಕೂಡಿ ಬೆಂಗಳೂರು ನೋಡಿ ಬಂದರು. ಎರಡು ದಿನ ಇದ್ದರು, ಸುತ್ತಾಡಿದರು, ತಿರುಗಿ ಬಂದರು. ಇಷ್ಟೇ ಸುದ್ದಿ.

ಇದನ್ನೂ ಬರೀಬೇಕಾ ಅಂತ ನಮ್ಮೊಳಗೇ ಒಬ್ಬ ಗೆಳೆಯ ಕೇಳಿದ. ದಿನಾ ಸಾವಿರಾರು ಮಂದಿ ಹೋಗ್ತಾರ, ಬರ್ತಾರ, ಇದರಾಗ ಹೋರಾಟ ಎಲ್ಲೈತಿ ಅಂದ. ಬರೀಬೇಕು ಅಂತ ನಾವು ತೀರ್ಮಾನ ಮಾಡಿದೆವು. ಯಾಕೆಂದರೆ ಆ ಅವ್ವನಿಗೆ ಐವತ್ತು ದಾಟಿದೆ. ಬುದ್ಧಿ ಬಂದಾಗಿನಿಂದ ಭತ್ತದ ಗದ್ದೆಯಲ್ಲಿ ಬಗ್ಗಿ ದುಡಿದಿದ್ದಾಳೆ. ಇಷ್ಟು ವರ್ಷದಲ್ಲಿ ಊರು ಬಿಟ್ಟು ದೂರ ಹೋದದ್ದು ಮೂರೇ ಸಲ. ಒಂದು ಸಲ ಗಂಡನನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಸೇರಿಸಲು. ಎರಡನೇ ಸಲ ಅದೇ ಆಸ್ಪತ್ರೆಯಿಂದ ಆತನ ಹೆಣ ತರಲು. ಮೂರನೇ ಸಲ ಕಾಲುವೆಗೆ ನೀರು ಬಾರದ ವರ್ಷ, ಮಕ್ಕಳನ್ನು ಕಟ್ಟಿಕೊಂಡು ಕಟ್ಟಡದ ಕೂಲಿಗೆ ಗುಳೆ. ನೋಡಾಕ ಅಂತ, ಸುಮ್ಮನ ನೋಡಾಕ ಅಂತ, ಆಕೆ ಎಲ್ಲಿಗೂ ಹೋದವಳಲ್ಲ. ನಮ್ಮ ಕೇರಿಯ ಎಷ್ಟು ಜನ ಅವ್ವಂದಿರು ಹೋಗಿದ್ದಾರೆ? ಹಾಸ್ಟೆಲಿನ ಕೋಣೆಯಲ್ಲಿ ಕೂತು ಬೆರಳು ಮಡಚಿ ಎಣಿಸಿ ನೋಡಿರಿ. ಒಂದು ಕೈಯ ಬೆರಳೇ ಹೆಚ್ಚಾಗುತ್ತವೆ.

ಶ್ರೀರಾಮನಗರದ ರಸ್ತೆಯಲ್ಲಿ ರಾತ್ರಿ ನಿಂತು ನೋಡಿದವರಿಗೆ ಗೊತ್ತು. ಗಿರಣಿಗಳ ಕಡೆಯಿಂದ ಅಕ್ಕಿ ತುಂಬಿದ ಲಾರಿಗಳು ಹೊರಡುತ್ತವೆ. ತುಂಗಭದ್ರಾ ಅಣೆಕಟ್ಟಿನ ನೀರು 1953ರಲ್ಲಿ ಬಂತು. ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿದು ಜೋಳ ಬೆಳೆಯುತ್ತಿದ್ದ ಎರೆನೆಲವನ್ನು ಗದ್ದೆ ಮಾಡಿತು. ಆಂಧ್ರದ ಕಡೆಯಿಂದ ರೈತರು ಬಂದು ಭೂಮಿ ಹಿಡಿದು ಕ್ಯಾಂಪು ಕಟ್ಟಿದರು. ಶ್ರೀರಾಮನಗರ ಹಂಗ ಬೆಳೆದ ಊರು. ಗಿರಣಿ ಬಂದವು, ಬ್ಯಾಂಕು ಬಂದವು, ಗೊಬ್ಬರದ ಅಂಗಡಿ ಬಂದವು. ಗಂಗಾವತಿ ಸೀಮೆಗೆ ಭತ್ತದ ಕಣಜ ಅಂತ ಹೆಸರಾಯಿತು.

ಕಣಜ ತುಂಬಿದವರು ಯಾರು? ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು, ಟಂಟಂದಲ್ಲಿ ಇಪ್ಪತ್ತು ಮಂದಿ ಒತ್ತಿಕೊಂಡು ಕ್ಯಾಂಪಿನ ಗದ್ದೆಗೆ ಹೋಗುವ ನಮ್ಮ ಅವ್ವಂದಿರು. ಮೊಣಕಾಲ ಮಟ್ಟ ಕೆಸರು, ನೆತ್ತಿಯ ಮೇಲೆ ಬಿಸಿಲು ಇಲ್ಲವೇ ಮಳೆ. ಎಕರೆಗೆ ಇಷ್ಟು ಅಂತ ಗುತ್ತಿಗೆ ಹಿಡಿದು ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ನಾಟಿ ಹಚ್ಚುತ್ತಾರೆ. ನಾಟಿ ಮುಗಿಯುವಷ್ಟರಲ್ಲಿ ಕಾಲ್ಬೆರಳ ಸಂದು ಕೊಳೆತಿರುತ್ತವೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಎಷ್ಟು ಟಿಎಂಸಿ ನೀರು ಹೋಯಿತು, ಎಷ್ಟು ಎಕರೆಗೆ ಪೆಟ್ಟು ಅಂತ ಎಲ್ಲರೂ ಲೆಕ್ಕ ಹಾಕಿದರು. ನಾಟಿ ಹಚ್ಚುವ ಹೆಂಗಸಿಗೆ ಎಷ್ಟು ದಿನದ ಕೂಲಿ ತಪ್ಪುತ್ತದೆ ಅನ್ನುವ ಲೆಕ್ಕ ನಮ್ಮ ಕಣ್ಣಿಗೆ ಬೀಳಲಿಲ್ಲ.

ಆಕೆ ಹಚ್ಚಿದ ಸಸಿ ತೆನೆಯಾಯಿತು, ಅಕ್ಕಿಯಾಯಿತು, ಸೋನಾ ಮಸೂರಿ ಅಂತ ಚೀಲ ಸೇರಿ ಬೆಂಗಳೂರಿಗೆ ಹೋಯಿತು. ಇದು ಯಾವ ಕೇರಿಯ ಕೈ ಮುಟ್ಟಿದ್ದು ಅಂತ ಕೇಳಿ ಯಾರೂ ಅನ್ನದ ತಟ್ಟೆ ಪಕ್ಕಕ್ಕೆ ಸರಿಸಲಿಲ್ಲ. ಅಕ್ಕಿಗೆ ಮಡಿ ಇಲ್ಲ, ಮೈಲಿಗೆ ಇಲ್ಲ, ಟಿಕೆಟ್ಟೂ ಇಲ್ಲ. ಅದು ಎಷ್ಟೋ ವರ್ಷದಿಂದ ಪಟ್ಟಣಕ್ಕೆ ಹೋಗುತ್ತಲೇ ಇದೆ. ಹೋಗದೆ ಉಳಿದವಳು ಅವ್ವ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಹೆಂಗಸರಿಗೆ ಚಾರ್ಜು ಇಲ್ಲ. ಗುರುತಿನ ಚೀಟಿ ತೋರಿಸಿದರೆ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತಾರೆ. 2025ರ ಜುಲೈ 14ಕ್ಕೆ ಇಂಥ ಐನೂರು ಕೋಟಿ ಪ್ರಯಾಣ ಆದವು ಅಂತ ಸರ್ಕಾರ ಸಮಾರಂಭ ಮಾಡಿತು.

ಆವಾಗಿನಿಂದ ನಮ್ಮ ಕಡೆಯ ಕಟ್ಟೆಗಳ ಮೇಲೆ ಒಂದು ಮಾತು ಹುಟ್ಟಿಕೊಂಡಿದೆ: ಬಿಟ್ಟಿ ಬಸ್ಸು. ಬಿಟ್ಟಿ ಅಂತ ಹೆಂಗಸರು ಊರೂರು ತಿರುಗಾಕ ಹತ್ಯಾರ, ಕೂಲಿಗೆ ಆಳು ಸಿಗವಲ್ಲವು ಅಂತ ದಣೇರು ಗೊಣಗುತ್ತಾರೆ. ನಮ್ಮ ಹುಡುಗರೂ ಇದನ್ನು ಕೇಳಿಕೊಂಡು ಬಂದು ಹಾಸ್ಟೆಲಿನಲ್ಲಿ ನಗುತ್ತಾರೆ.

ನಗುವ ಮುಂಚೆ ಒಂದು ಮಾತು ನೆನಪಿರಲಿ. ಬಿಟ್ಟಿ ಅನ್ನುವ ಶಬ್ದ ನಮ್ಮ ಕೇರಿಗೆ ಬಸ್ಸಿನ ಜೊತೆ ಬಂದದ್ದಲ್ಲ. ನಮ್ಮ ತಾತ ಮುತ್ತಾತಂದಿರು ಮಾಡಿದ್ದರ ಹೆಸರೇ ಬಿಟ್ಟಿ ಚಾಕರಿ. ಸತ್ತ ದನ ಎಳೆದದ್ದು ಬಿಟ್ಟಿ. ಊರ ಹಬ್ಬಕ್ಕೆ ಹಲಗೆ ಬಡಿದದ್ದು ಬಿಟ್ಟಿ. ಸಾವಿನ ಸುದ್ದಿ ಹೊತ್ತು ಹತ್ತೂರು ನಡೆದದ್ದು ಬಿಟ್ಟಿ. ಆ ಲೆಕ್ಕವನ್ನು ಊರು ಯಾವತ್ತೂ ತೀರಿಸಿಲ್ಲ. ಕೂಲಿ ಕೊಡದೆ ದುಡಿಸಿಕೊಂಡವರು ಇವತ್ತು ಸೊನ್ನೆ ರೂಪಾಯಿಯ ಚೀಟಿ ನೋಡಿ ನಮ್ಮ ಅವ್ವನಿಗೆ ಬಿಟ್ಟಿ ಅನ್ನುತ್ತಾರೆ. ಸರ್ಕಾರದ ಯೋಜನೆ ಬರುತ್ತವೆ, ಹೋಗುತ್ತವೆ. ಯಾವ ಸರ್ಕಾರದ ಬಾಲ ಹಿಡಿಯುವುದೂ ನಮ್ಮ ಕೆಲಸವಲ್ಲ. ಆದರೆ ಸಂವಿಧಾನದ 19ನೇ ವಿಧಿ ಈ ದೇಶದ ಎಲ್ಲೆಡೆ ಮುಕ್ತವಾಗಿ ಓಡಾಡುವ ಹಕ್ಕು ಕೊಟ್ಟಿದೆ. ಕಿಸೆಯಲ್ಲಿ ರೊಕ್ಕ ಇಲ್ಲದವರಿಗೆ ಆ ಹಕ್ಕು ಹಾಳೆಯ ಮೇಲೆ ಇತ್ತು. ಈಗ ಹೆಂಗಸರಿಗಾದರೂ ಬಸ್ಸಿನ ಮೆಟ್ಟಿಲ ತನಕ ಬಂದಿದೆ. ಅದಕ್ಕೆ ಯಾರೂ ತಲೆ ತಗ್ಗಿಸಬೇಕಾಗಿಲ್ಲ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಬೇರೆ. ಬಸ್ಸು 2023ರಲ್ಲೇ ಬಂತು. ಮಗಳು ಆ ಹೊತ್ತಿಗೆ ಬೆಂಗಳೂರಿನಲ್ಲೇ ಇದ್ದಳು. ಗಂಗಾವತಿಯ ಹಾಸ್ಟೆಲಿನಲ್ಲಿದ್ದು ಡಿಗ್ರಿ ಮುಗಿಸಿ, ಅಲ್ಲೊಂದು ಕಂಪನಿಯಲ್ಲಿ ನೌಕರಿ ಹಿಡಿದು, ಗೆಳತಿಯರ ಜೊತೆ ಬಾಡಿಗೆ ಕೋಣೆ ಮಾಡಿದ್ದಳು. ಆದರೂ ಅವ್ವ ಎರಡು ವರ್ಷ ಬೆಂಗಳೂರು ನೋಡಲಿಲ್ಲ. ಯಾಕೆ?

ಆ ಮಗಳು ನಮ್ಮ ಸಭೆಯಲ್ಲಿ ಎದ್ದು ನಿಂತು ತಾನೇ ಹೇಳಿದಳು: ನಾನು ಕರೀಲಿಲ್ಲ.

ರಜೆ ಇಲ್ಲ ಅಂದಳಂತೆ, ಕೋಣೆ ಸಣ್ಣದು ಅಂದಳಂತೆ, ಮಳೆಗಾಲ ಮುಗೀಲಿ ಅಂದಳಂತೆ. ನಿಜ ಅದಾವುದೂ ಅಲ್ಲ. ಅವ್ವನ ಮೊಣಕಾಲ ಮೇಲೆ ಕಟ್ಟಿದ ಸೀರೆ, ಕೆಸರು ಹಿಡಿದು ಕಪ್ಪಾದ ಉಗುರು, ಎಲಿ ಅಡಿಕಿ ಚೀಲ, ದೊಡ್ಡ ದನಿಯ ಮಾತು. ಕೋಣೆಯ ಗೆಳತಿಯರು ನೋಡಿದರೆ ಏನಂದಾರು? ಯಾವ ಜನ ಅಂತ ತಿಳಿದರೆ? ಆಕೆ ಅಲ್ಲಿ ತನ್ನ ಊರು ಹೇಳಿದ್ದಳು, ಓಣಿ ಹೇಳಿರಲಿಲ್ಲ. ಅವ್ವ ಬಂದರೆ ಓಣಿಯೂ ಜೊತೆಗೆ ಬರುತ್ತದೆ.

ಸಭೆ ಗಪ್ಪಾಯಿತು. ಯಾಕೆಂದರೆ ಆಕೆ ಹೇಳಿದ್ದು ಆಕೆಯೊಬ್ಬಳ ಮಾತಲ್ಲ. ನಮ್ಮಲ್ಲಿ ಎಷ್ಟೋ ಮಂದಿ, ಅಪ್ಪ ಅಕ್ಕಿ ಚೀಲ ಹೊತ್ತು ಹಾಸ್ಟೆಲ್ ಬಾಗಿಲಿಗೆ ಬಂದಾಗ ಓಡಿಹೋಗಿ ಗೇಟಿನಲ್ಲೇ ಮಾತಾಡಿಸಿ ಕಳಿಸಿದ್ದೇವೆ. ಯಾರಲೇ ಅವರು ಅಂತ ಗೆಳೆಯ ಕೇಳಿದರೆ ನಮ್ಮೂರವರು ಅಂದಿದ್ದೇವೆ. ನಮ್ಮಪ್ಪ ಅನ್ನಲಿಲ್ಲ. ಕಾಲೇಜಿನ ಕಾರ್ಯಕ್ರಮಕ್ಕೆ ತಂದೆ ತಾಯಿ ಕರೆತನ್ನಿ ಅಂದಾಗ, ಅವರಿಗೆ ಕೆಲಸ ಐತ್ರಿ ಸರ್ ಅಂದಿದ್ದೇವೆ.

ಗೆಳೆಯರೇ, ಅಸ್ಪೃಶ್ಯತೆ ಅಂದರೆ ಊರವರು ನಮಗೆ ಮಾಡುವುದು ಅಂತ ಭಾಷಣ ಮಾಡುತ್ತೇವೆ. ಅದು ನಿಜ. ಆದರೆ ಅದೇ ವಿಷ ಪುಸ್ತಕದ ಜೊತೆ, ಒಗೆದ ಅಂಗಿಯ ಜೊತೆ ನಮ್ಮೊಳಗೂ ಇಳಿದಿದೆ. ಹೆತ್ತ ಅವ್ವನನ್ನು ಮರೆಮಾಚುವುದು ಅದರ ಕೊನೆಯ ಗೆಲುವು. ಊರು ನಮ್ಮನ್ನು ಹೊರಗಿಟ್ಟಿತು. ನಾವು ಓದಿ, ಅವ್ವನನ್ನು ಹೊರಗಿಟ್ಟೆವು. ಇಬ್ಬರಲ್ಲಿ ವ್ಯತ್ಯಾಸ ಎಲ್ಲಿ ಉಳಿಯಿತು?

ಕಡೆಗೆ ಆ ಮಗಳು ಕರೆದಳು. ಮಳೆಗಾಲದ ನಾಟಿ ಮುಗಿದ ಮೇಲೆ ಊರಿಗೆ ಬಂದು, ಯವ್ವಾ ಬೆಂಗಳೂರಿಗೆ ಹೋಗೂಣು ನಡಿಬೇ ಅಂದಳು. ಯಾಕ, ಏನಾಗೇತಿ, ಅರಾಮ ಅದಿಯಿಲ್ಲೋ ಅಂತ ಅವ್ವ ಗಾಬರಿಯಾದಳು. ಆಕೆಯ ಲೆಕ್ಕದಲ್ಲಿ ಪಟ್ಟಣಕ್ಕೆ ಹೋಗುವುದು ಅಂದರೆ ಆಸ್ಪತ್ರೆ, ಇಲ್ಲಾ ಪೋಲೀಸು, ಇಲ್ಲಾ ಗುಳೆ. ಸುಮ್ಮನ, ನೋಡಿ ಬರಾಕ ಅಂದಾಗ ನಂಬಲಿಲ್ಲ. ರೊಕ್ಕ ಹಾಳು ಅಂದಳು. ಬಸ್ಸಿಗೆ ರೊಕ್ಕ ಇಲ್ಲ ಅಂದ ಮೇಲೆ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿದಳು.

ಗಂಗಾವತಿಯಿಂದ ರಾತ್ರಿ ಬಸ್ಸು. ಎರಡು ಸೊನ್ನೆ ಟಿಕೆಟ್. ಅವ್ವ ಕಿಟಕಿಯ ಕಡೆ ಕೂತು ಹೊಸಪೇಟೆ ದಾಟುವ ತನಕ ಕಣ್ಣು ಮುಚ್ಚಲಿಲ್ಲ. ಬೆಳಗ್ಗೆ ಮೆಜೆಸ್ಟಿಕ್ ನಿಲ್ದಾಣದಲ್ಲಿ ಇಳಿದಾಗ ಮಗಳ ಕೈ ಗಟ್ಟಿಯಾಗಿ ಹಿಡಿದಳು. ಮಗಳು ಸಣ್ಣವಳಿದ್ದಾಗ ಗಂಗಾವತಿ ಸಂತೆಯಲ್ಲಿ ಹಂಗೇ ಹಿಡಿದಿದ್ದಳಂತೆ.

ಕೋಣೆಯ ಗೆಳತಿಯರಿಗೆ ಮಗಳು ಇವಳು ನಮ್ಮವ್ವ ಅಂದಳು. ಗದ್ದಿ ಕೂಲಿ ಮಾಡಿ ನನ್ನ ಓದಿಸ್ಯಾಳ ಅಂದಳು. ನಾವು ಯಾವ ಓಣಿಯವರು ಅಂತಲೂ ಅಂದಳು. ಇಬ್ಬರು ಗೆಳತಿಯರು ಕೂತು ಅವ್ವನ ರೊಟ್ಟಿ ತಿಂದರು. ಒಬ್ಬಾಕೆ ಹಸಿವಿಲ್ಲ ಅಂತ ಎದ್ದು ಹೋದಳು. ಎರಡು ವರ್ಷ ಹೆದರಿದ್ದೆಲ್ಲ ಹತ್ತು ನಿಮಿಷದಲ್ಲಿ ಮುಗಿದುಹೋಯಿತು ಅಂತ ಮಗಳು ಹೇಳಿದಳು.

ಮೆಜೆಸ್ಟಿಕ್‌ನಿಂದ ಮೆಟ್ರೋ ಹತ್ತಿದರು. ನೆಲದೊಳಗೆ ಓಡುವ ರೈಲಿನಲ್ಲಿ ಅವ್ವ ಕಂಬ ಹಿಡಿದು ನಿಂತಿದ್ದಳು. ನಿಲ್ದಾಣದ ಹೆಸರು ಕೂಗಿದರು: ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ, ವಿಧಾನಸೌಧ. ಅಕ್ಷರ ಬಾರದ ಅವ್ವ ಕಿವಿಗೊಟ್ಟು ಕೇಳಿ, ಅಂಬೇಡ್ಕರಪ್ಪನ ಹೆಸರು ಹೇಳಾಕ ಹತ್ಯಾರಲ್ಲಬೇ ಅಂದಳು. ಸುತ್ತಲಿದ್ದವರು ತಿರುಗಿ ನೋಡಿದರು. ನೋಡಲಿ ಬಿಡು ಅಂತ ಮಗಳು ಅಲ್ಲೇ ನಿಂತಳು. ಮೇಲೆ ಬಂದು ವಿಧಾನಸೌಧದ ಮುಂದಿನ ಬಾಬಾಸಾಹೇಬರ ಪ್ರತಿಮೆಗೆ ಇಬ್ಬರೂ ಕೈ ಮುಗಿದರು. 1956ರಲ್ಲಿ ಮುಗಿದ ಆ ಕಲ್ಲಿನ ಕಟ್ಟಡದ ಮೇಲಿನ ಬರಹವನ್ನು ಮಗಳು ಓದಿ ಹೇಳಿದಳು: ಸರ್ಕಾರದ ಕೆಲಸ ದೇವರ ಕೆಲಸ. ಅವ್ವ ಸ್ವಲ್ಪ ಹೊತ್ತು ನೋಡಿ ಕೇಳಿದಳು, ಹಂಗಾದ್ರ ನಮ್ಮ ಮನಿ ಬಿಲ್ಲು ಯಾವ ದೇವರ ಹತ್ರ ನಿಂತೈತಿ? ಐದು ವರ್ಷ ರಾಜಕೀಯ ಶಾಸ್ತ್ರ ಓದಿದ ನಮಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ಒಂದು ದಿನಸಿ ಅಂಗಡಿಯಲ್ಲಿ ಅಕ್ಕಿ ರಾಶಿ ಕಂಡು ಅವ್ವ ನಿಂತಳು. ನಾಲ್ಕು ಕಾಳು ಅಂಗೈ ಮೇಲೆ ಹಾಕಿಕೊಂಡು ತಿಕ್ಕಿ ನೋಡಿ, ಇದು ನಮ್ಮ ಕಡೀದು ಅಂದಳು. ಅಂಗಡಿಯವನು ಹೌದಮ್ಮ, ಗಂಗಾವತಿ ಸೋನಾ ಅಂದ. ಕೆ.ಜಿ.ಗೆ ಎಷ್ಟು ಅಂತ ಕೇಳಿ, ಒಂದು ದಿನದ ಕೂಲಿಗೆ ಎಷ್ಟು ಬರುತ್ತದೆ ಅಂತ ಬೆರಳು ಮಡಚಿ ಲೆಕ್ಕ ಹಾಕಿ ಅವ್ವ ಸುಮ್ಮನಾದಳು.

ಆಮೇಲೆ ಹೋಟೆಲು. ನಿಂತು ತಿನ್ನುವ ಸಣ್ಣ ಹೋಟೆಲು. ಚಹಾ ಕುಡಿದಾದ ಮೇಲೆ ಮಗಳು ರೊಕ್ಕ ಕೊಟ್ಟು ತಿರುಗಿ ನೋಡಿದರೆ ಅವ್ವ ಇಲ್ಲ. ಖಾಲಿ ಗಲಾಸು ಹಿಡಿದುಕೊಂಡು ಹೋಟೆಲಿನ ಹಿಂದೆ ನಲ್ಲಿ ಹುಡುಕುತ್ತಿದ್ದಾಳೆ. ತೊಳದು ಇಡಬೇಕಲ್ಲ, ನೀರು ಎಲ್ಲೈತಿ ತಮ್ಮಾ ಅಂತ ಕೆಲಸದ ಹುಡುಗನನ್ನು ಕೇಳುತ್ತಿದ್ದಾಳೆ. ಆ ಹುಡುಗ ಯಾವ ಸೀಮೆಯಿಂದ ಗುಳೆ ಬಂದವನೋ, ಗಲಾಸು ಇಸಕೊಂಡು, ಬಿಡಮ್ಮ, ಅದು ನಮ್ಮ ಕೆಲಸ ಅಂದ.

ಮಗಳು ಇದನ್ನು ಹೇಳುವಾಗ ಅತ್ತಳು. ತನ್ನ ಅವ್ವ ಹುಟ್ಟಿದಾಗಿನಿಂದ ಊರ ಚಹಾದಂಗಡಿಯಲ್ಲಿ ಕುಡಿದ ಗಲಾಸು ತಾನೇ ತೊಳೆದು ಬೇರೆ ಇಡುತ್ತ ಬಂದವಳು. ಅದು ಕೈಗೆ ಹತ್ತಿದ ರೂಢಿ. ತೊಳೆಯಬೇಡ ಅಂತ ಒಬ್ಬರು ಹೇಳಲಿಕ್ಕೆ ಮುನ್ನೂರೈವತ್ತು ಕಿಲೋಮೀಟರ್ ದೂರ ಬರಬೇಕಾಯಿತು.

ಇಲ್ಲಿಗೆ ನಿಲ್ಲಿಸಿದರೆ ಪಟ್ಟಣ ಸ್ವರ್ಗ, ಹಳ್ಳಿ ನರಕ ಅಂತ ಬರೆದಂತೆ ಆಗುತ್ತದೆ. ಹಾಗಲ್ಲ. ಹಳ್ಳಿಯನ್ನು ಕೊಂಡಾಡುವವರನ್ನು ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೇ ಕಟುವಾಗಿ ಟೀಕಿಸಿದರು. ಆದರೆ ಪಟ್ಟಣ ಏನೆಂಬುದೂ ಅವರಿಗೆ ಗೊತ್ತಿತ್ತು. 1901ರಲ್ಲಿ ಅವರು ಇನ್ನೂ ಒಂಬತ್ತು ಹತ್ತರ ಹುಡುಗ. ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ತಂದೆಯನ್ನು ನೋಡಲು ರೈಲಿನಲ್ಲಿ ಹೊರಟರು. ಹೊಸ ಅಂಗಿ ತೊಟ್ಟಿದ್ದರು, ಕೈಯಲ್ಲಿ ರೊಕ್ಕ ಇತ್ತು. ಮಸೂರ್ ಸ್ಟೇಷನ್ನಿನಲ್ಲಿ ಇಳಿದು ಜಾತಿ ಹೇಳಿದ ಕೂಡಲೇ ಸ್ಟೇಷನ್ ಮಾಸ್ತರನ ಮುಖ ಬದಲಾಯಿತು. ಗಾಡಿಯವರು ಒಲ್ಲೆ ಅಂದರು. ಕಡೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಗಾಡಿ ತಾವೇ ಹೊಡೆದುಕೊಂಡು ಹೋಗಬೇಕಾಯಿತು. ಬುತ್ತಿ ಇತ್ತು, ಕುಡಿಯಲು ನೀರು ಯಾರೂ ಕೊಡಲಿಲ್ಲ. ಇದನ್ನು ಅವರೇ ಮುಂದೆ ಬರೆದಿದ್ದಾರೆ. ಅಮೆರಿಕ, ಇಂಗ್ಲೆಂಡು ಓದಿ 1917ರಲ್ಲಿ ಬರೋಡಾಕ್ಕೆ ನೌಕರಿಗೆ ಹೋದಾಗ ಆ ಪಟ್ಟಣದಲ್ಲಿ ಒಂದು ಕೋಣೆ ಸಿಗಲಿಲ್ಲ. ಹೆಸರು ಮುಚ್ಚಿಟ್ಟು ವಸತಿಗೃಹದಲ್ಲಿ ಇದ್ದರು, ಗೊತ್ತಾದಾಗ ಬಡಿಗೆ ಹಿಡಿದು ಬಂದವರು ಹೊರಹಾಕಿದರು.

ನೂರು ವರ್ಷದ ಮೇಲೆ ಬೆಂಗಳೂರು ಏನು ಮಾಡಿತು? 2024ರ ಫೆಬ್ರವರಿಯಲ್ಲಿ ತಲೆಯ ಮೇಲೆ ಗಂಟು ಹೊತ್ತ ಒಬ್ಬ ರೈತನನ್ನು ಬಟ್ಟೆ ಕೊಳಕು ಅಂತ ಮೆಟ್ರೋ ನಿಲ್ದಾಣದಲ್ಲಿ ತಡೆದರು. ಟಿಕೆಟ್ ಇತ್ತು, ಆದರೂ ತಡೆದರು. ಜೊತೆಯ ಪ್ರಯಾಣಿಕರು ಜಗಳ ತೆಗೆದ ಮೇಲೆ ಬಿಟ್ಟರು. ಅದೇ ವರ್ಷ ಜುಲೈಯಲ್ಲಿ ಹಾವೇರಿ ಕಡೆಯ ಒಬ್ಬ ಮಗ ತನ್ನ ಅಪ್ಪನಿಗೆ ಸಿನಿಮಾ ತೋರಿಸಲು ಮಾಲಿಗೆ ಕರೆದುಕೊಂಡು ಹೋದಾಗ, ಪಂಚೆ ಉಟ್ಟಿದ್ದಾನೆ ಅಂತ ಒಳಗೆ ಬಿಡಲಿಲ್ಲ. ರಾಜ್ಯವೆಲ್ಲ ಗದ್ದಲವಾಗಿ ಆ ಮಾಲು ಏಳು ದಿನ ಮುಚ್ಚಿತು. ಎರಡೂ ಸಲ ಗೆದ್ದದ್ದು ಒಂದೇ ಕಾರಣಕ್ಕೆ. ಪಕ್ಕದಲ್ಲಿ ನಿಂತವರು ಸುಮ್ಮನಿರಲಿಲ್ಲ. ಆ ಮಗ, ಅಪ್ಪಾ ನೀ ಪ್ಯಾಂಟು ಹಾಕ್ಕೊಂಡು ಬರಬೇಕಿತ್ತು ಅನ್ನಲಿಲ್ಲ. ಇದನ್ನು ನಾವು ಕಲಿಯಬೇಕು. ಅವ್ವನ ಸೀರೆ ಬದಲಿಸಿ ಪಟ್ಟಣಕ್ಕೆ ಒಯ್ಯುವುದಲ್ಲ. ಆಕೆ ಇದ್ದ ಹಾಗೇ ಒಯ್ದು, ತಡೆದವರ ಎದುರು ನಿಲ್ಲುವುದು.

ಈಗ ಉಳಿದ ಕಥೆ. ಇದಕ್ಕಾಗಿಯೇ ನಾವು ಬರೆಯಲು ಕೂತದ್ದು.

ಮೂರನೇ ದಿನ ಬೆಳಗ್ಗೆ ಇಬ್ಬರೂ ಊರಲ್ಲಿ ಇಳಿದರು. ರಸ್ತೆ ಮಗ್ಗುಲಲ್ಲಿ ಚಹಾದಂಗಡಿ. ಅಲ್ಲಿ ಈಗ ಗಲಾಸು ತೊಳೆಯುವ ಪದ್ಧತಿ ಇಲ್ಲ. ಭೇದ ಹೋಯಿತು ಅನ್ನುತ್ತಾರೆ. ಹೋಗಿಲ್ಲ, ರೂಪ ಬದಲಿಸಿದೆ. ಊರವರಿಗೆ ಸ್ಟೀಲ್ ಗಲಾಸು, ಕೇರಿಯವರಿಗೆ ಕಾಗದದ ಕಪ್ಪು. ಕೇಳಿದರೆ ಸ್ವಚ್ಛ ಅಲ್ಲೇನ್ರಿ ಅನ್ನುತ್ತಾರೆ. ಅವತ್ತು ಅವ್ವ ಕಾಗದದ ಕಪ್ಪು ಮುಟ್ಟಲಿಲ್ಲ. ನನಗೂ ಗಲಾಸಿನ್ಯಾಗ ಕೊಡ್ರಿ ಅಂದಳು. ಅಂಗಡಿಯವನು ಆಕೆಯನ್ನು ನೋಡಿ, ಮಗಳನ್ನು ನೋಡಿ, ಬೆಂಗಳೂರು ನೀರು ಕುಡದು ಬಂದಿ ಅಂತ ಕಾಣ್ತೈತಿ ಅಂದ. ಗಲಾಸು ಖಾಲಿ ಇಲ್ಲ ಅಂದ. ಇಬ್ಬರೂ ಚಹಾ ಕುಡಿಯದೆ ಮನೆಗೆ ನಡೆದರು.

ಸಂಜೆ ಮಗಳು ತಿರುಗಿ ಹೊರಟಾಗ ಅವ್ವ ಒಂದೇ ಮಾತು ಅಂದಳು: ನೀ ಹೋಗ್ತಿ. ನಾಳಿ ನಾ ಅಲ್ಲೇ ಹೋಗಬೇಕು.

ಗೆಳೆಯರೇ, ಈ ಮಾತಿನ ಭಾರ ತಿಳಿಯಬೇಕಾದರೆ ನಮ್ಮ ಜಿಲ್ಲೆಯ ಚರಿತ್ರೆ ನೆನಪಿರಬೇಕು. ನಮ್ಮದೇ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲುಗಳಲ್ಲಿ ನಮ್ಮವರಿಗೆ ಜಾಗ ಇಲ್ಲ ಅನ್ನುವ ಜಗಳ ಇತ್ತು. 2014ರ ಆಗಸ್ಟ್ 28ರಂದು ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕೋರ್ಟು ಅಲೆದ ಮೇಲೆ 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟಿನಲ್ಲಿ ಬಹಳ ಮಂದಿಗೆ ಜಾಮೀನು ಸಿಕ್ಕಿತು. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ಕೂಸು ಗುಡಿಯೊಳಗೆ ಓಡಿತು ಅಂತ ಶುದ್ಧಿಯ ದಂಡ ಕೇಳಿದರು. ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ 2024ರ ಆಗಸ್ಟಿನಲ್ಲಿ ಕ್ಷೌರದ ವಿಷಯಕ್ಕೆ ಎದ್ದ ಜಗಳದಲ್ಲಿ ಒಬ್ಬ ದಲಿತ ಯುವಕನ ಜೀವ ಹೋಯಿತು. ಅಂಗಡಿ, ಹೋಟೆಲಿಗೆ ಪ್ರವೇಶ ತಡೆಯಬಾರದು ಅಂತ ಸಂವಿಧಾನದ 15ನೇ ವಿಧಿ ಹೇಳುತ್ತದೆ. ಅಸ್ಪೃಶ್ಯತೆ ಅಳಿಯಿತು ಅಂತ 17ನೇ ವಿಧಿ ಹೇಳುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಇಷ್ಟೆಲ್ಲ ಇದ್ದೂ ಒಂದು ಗಲಾಸು ಕೇಳಲು ಎದೆ ಗಟ್ಟಿ ಬೇಕು.

ಅವ್ವನಿಗೆ ಪಟ್ಟಣ ತೋರಿಸಿದ್ದು ಒಳ್ಳೆಯದಾಯಿತು. ಆದರೆ ಆಕೆಗೆ ಕಣ್ಣು ತೆರೆಸಿ, ಆ ತೆರೆದ ಕಣ್ಣಿನ ಜೊತೆ ಆಕೆಯೊಬ್ಬಳನ್ನೇ ಊರಲ್ಲಿ ಬಿಟ್ಟು ನಾವು ರಾತ್ರಿ ಬಸ್ಸು ಹಿಡಿದರೆ ಅದು ಪ್ರೀತಿಯಲ್ಲ. ಪಟ್ಟಣದಲ್ಲಿ ಬಿಡಮ್ಮ ಅಂದವನು ಒಬ್ಬನಿದ್ದ. ಊರಲ್ಲಿ ಆ ಮಾತು ಹೇಳಬೇಕಾದವರು ನಾವು. ಓದಿದವರೆಲ್ಲ ಊರು ಬಿಟ್ಟರೆ ಊರಲ್ಲಿ ಉಳಿಯುವವರು ಯಾರು? ಅವ್ವ ಮತ್ತು ಆ ಕಾಗದದ ಕಪ್ಪು.

ಆ ಸಭೆಯಾದ ಮುಂದಿನ ಐತವಾರ ನಾವು ಆರು ಮಂದಿ ಆ ಊರಿಗೆ ಹೋದೆವು. ಘೋಷಣೆ ಕೂಗಲಿಲ್ಲ, ಬ್ಯಾನರು ಕಟ್ಟಲಿಲ್ಲ. ಅವ್ವನನ್ನು ನಡುವೆ ಕೂರಿಸಿಕೊಂಡು ಬೆಂಚಿನ ಮೇಲೆ ಕೂತೆವು. ಏಳು ಚಹಾ ಕೊಡ್ರಿ, ಗಲಾಸಿನ್ಯಾಗ ಅಂದೆವು. ಅಂಗಡಿಯವನು ಬಹಳ ಹೊತ್ತು ಒಲೆ ನೋಡಿದ. ಕಟ್ಟೆಯ ಮೇಲಿದ್ದ ಇಬ್ಬರು ಎದ್ದು ಹೋದರು. ಆಮೇಲೆ ಏಳು ಸ್ಟೀಲ್ ಗಲಾಸು ಬಂದವು. ಅವ್ವ ಕುಡಿದು ಗಲಾಸು ಬೆಂಚಿನ ಮೇಲೆ ಇಟ್ಟಳು. ತೊಳೆಯಲಿಲ್ಲ. ಕೈ ಮಾತ್ರ ಒಂದು ಕ್ಷಣ ಗಲಾಸಿನ ಕಡೆ ಹೋಗಿ ತಿರುಗಿ ಬಂತು. ನಾವೆಲ್ಲ ನೋಡಿದೆವು, ಯಾರೂ ಮಾತಾಡಲಿಲ್ಲ.

ಗೆದ್ದೆವು ಅಂತ ನಾವು ಬರೆಯುವುದಿಲ್ಲ. ಆರು ಮಂದಿ ಓದಿದ ಹುಡುಗರು ಹುಡುಗಿಯರು ಜೊತೆಗಿದ್ದಾಗ ಗಲಾಸು ಬಂತು. ಆಕೆ ಒಬ್ಬಳೇ ಗದ್ದೆಯಿಂದ ದಣಿದು ಬಂದು ಕೇಳಿದಾಗಲೂ ಬರಬೇಕು. ಅಲ್ಲಿಯ ತನಕ ಪ್ರತಿ ಐತವಾರ ಇಬ್ಬಿಬ್ಬರು ಹೋಗುವುದು ಅಂತ ಸರತಿ ಹಾಕಿಕೊಂಡಿದ್ದೇವೆ. ಬೆಂಗಳೂರಿನ ಆ ಮಗಳೂ ತಿಂಗಳಿಗೊಂದು ಸರತಿ ಕೇಳಿ ಬರೆಸಿಕೊಂಡಿದ್ದಾಳೆ.

ಹಾಸ್ಟೆಲಿನ ತಂಗಿ ತಮ್ಮಂದಿರಿಗೆ ನಾವು ಹೇಳುವುದು ಇಷ್ಟು. ಈ ವರ್ಷ ನಾಟಿ ಮುಗಿದ ಮೇಲೆ, ಇಲ್ಲಾ ಸುಗ್ಗಿ ಮುಗಿದ ಮೇಲೆ ಅವ್ವನನ್ನು ಒಂದು ಪಟ್ಟಣಕ್ಕೆ ಕರೆದುಕೊಂಡು ಹೋಗಿರಿ. ಬೆಂಗಳೂರೇ ಆಗಬೇಕಂತಿಲ್ಲ. ಕೊಪ್ಪಳ ಆದೀತು, ಹೊಸಪೇಟೆ ಆದೀತು, ಹುಬ್ಬಳ್ಳಿ ಆದೀತು. ಹೆಣ್ಣುಮಕ್ಕಳಿಗೆ ಬಸ್ಸಿಗೆ ರೊಕ್ಕ ಬೇಡ, ಆಧಾರ್ ಚೀಟಿ ಮರೆಯಬೇಡಿ, ಸಾಲ ಮಾಡಬೇಡಿ, ಬುತ್ತಿ ಕಟ್ಟಿಕೊಳ್ಳಿರಿ. ಗಂಡುಮಕ್ಕಳಿಗೆ ಚಾರ್ಜು ಬೀಳುತ್ತದೆ. ಒಂದು ತಿಂಗಳ ಮೊಬೈಲ್ ರೊಕ್ಕ ಉಳಿಸಿದರೆ ಆದೀತು. ಎಲ್ಲಿಗೆ ಹೋಗಬೇಕು ಅಂತ ನೀವೇ ತೀರ್ಮಾನ ಮಾಡಬೇಡಿ, ಅವ್ವನನ್ನು ಕೇಳಿರಿ. ನಿಮ್ಮ ಕಾಲೇಜು ತೋರಿಸಿರಿ, ನೀವು ಮಲಗುವ ಕೋಣೆ ತೋರಿಸಿರಿ, ಗ್ರಂಥಾಲಯದಲ್ಲಿ ನೀವು ಕೂರುವ ಕುರ್ಚಿಯ ಮೇಲೆ ಆಕೆಯನ್ನು ಕೂರಿಸಿರಿ. ಗೆಳೆಯರು ಯಾರು ಅಂತ ಕೇಳಿದರೆ ನಮ್ಮವ್ವ ಅನ್ನಿರಿ.

ತಿರುಗಿ ಬರುವಾಗ ಆಕೆಯನ್ನು ಊರ ಬಸ್ ಸ್ಟಾಪಿನಲ್ಲಿ ಇಳಿಸಿ ಹೋಗಬೇಡಿ. ಜೊತೆಗೇ ಇಳಿಯಿರಿ. ಚಹಾದಂಗಡಿ ಅಲ್ಲೇ ಇರುತ್ತದೆ.